ಹೆಸರು ಕೇಳದ ಮೂರು ದಿನ

ಬುಖಾರಾದ ಹಳೆಯ ಓಣಿಯಲ್ಲಿ ಎಲ್ಲ ಬಾಗಿಲುಗಳೂ ಒಂದೇ ಥರ. ಖಿವಾದಿಂದ ಬಂದ ಶೋನಜರ್, ಪಕ್ಕದ ಅತಿಥಿಗೃಹದ ಬದಲು ನಿಗಿನಾಳ ಮನೆಯ ಬಾಗಿಲು ತಟ್ಟಿದ್ದರಲ್ಲಿ ಅವನ ತಪ್ಪೇನೂ ಇರಲಿಲ್ಲ.

"ಅಮ್ಮಾ, ಇದು..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ನಿಗಿನಾಳ ಅಜ್ಜಿ ಅವನ ತೋಳು ಹಿಡಿದಾಗಿತ್ತು.

"ಮಾತು ಆಮೇಲೆ ಮಗಾ. ಮೊದಲು ಚಹಾ."

ಓಣಿಯವರೆಲ್ಲ ಬೀಬಿ ಎಂದು ಕರೆಯುವ ಆ ಅಜ್ಜಿ ಹೆಂಗಸರ ಕೂಟಗಳಲ್ಲಿ ಪದ್ಯ ಹೇಳುವವಳು. ಬಾಗಿಲಿಗೆ ಬಂದವನನ್ನು ಕಳಿಸಿದವನು ದೇವರು ಎಂಬುದು ಅವಳ ನಂಬಿಕೆ. ಮೂರು ದಿನ ಅವನ ಹೆಸರು, ಊರು, ಬಂದ ಕೆಲಸ ಕೇಳಬಾರದು. ಕೇಳುವ ತನಕ ಅತಿಥಿ ತಾನಾಗಿ ಹೇಳಬಾರದೆಂದು ಶೋನಜರ್‌ನ ತಾಯಿಯೂ ಅವನಿಗೆ ಕಲಿಸಿದ್ದಳು. ಇಬ್ಬರ ಮರ್ಯಾದೆಯೂ ಸೇರಿ ಅವನು ಒಳಗೇ ಉಳಿದ.

ಸಂಕಟ ನಿಗಿನಾಗೆ. ಮುಂದಿನ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆ ಕೊಡಲು ಅವಳು ಪರವಾನಗಿ ಕೇಳಿದ್ದಳು. ಗುರುವಾರ ಓಣಿಯ ಹಿರಿಯರು ಬಂದು ನೋಡುವವರಿದ್ದರು. ಪರವಾನಗಿ ಸಿಕ್ಕರೆ ಮನೆ ಉಳಿಯುತ್ತದೆ. ಇಲ್ಲವೆಂದರೆ ಬೀಗ ಹಾಕಿ, ತಾಷ್ಕೆಂಟಿನ ಚಿಕ್ಕಪ್ಪನ ಫ್ಲ್ಯಾಟಿಗೆ ಹೋಗಬೇಕು. ಅರ್ಜಿ ಹಾಕಿದ ಮನೆಯಲ್ಲಿ ಹೊರಗಿನವರು ಯಾರೇ ರಾತ್ರಿ ತಂಗಲಿ, ಮರುದಿನ ಬೆಳಿಗ್ಗೆ ಅವರ ಹೆಸರು ಅತಿಥಿಗಳ ಪುಸ್ತಕದಲ್ಲಿರಬೇಕಿತ್ತು.

"ಬೀಬಿ, ಹೆಸರೊಂದೇ ಕೇಳ್ತೀನಿ."

"ನನ್ನ ಸೂರಿನ ಕೆಳಗೆ ಕೂಡದು. ನನ್ನ ಹೂಳಿದ್ಮೇಲೆ ಕೇಳ್ಕೋ."

"ಅಲ್ಲೀವರ್ಗೂ ಅವ್ರು ಇಲ್ಲೇ ಇರ್ತಾರಾ?"

"ಇದ್ರೆ ನಿಂಗೆ ಬೇಜಾರಾ?" ಎಂದು ಬೀಬಿ ಓರೆಗಣ್ಣಲ್ಲಿ ನೋಡಿದಳು. ನಿಗಿನಾ ಕೆಟಲ್ ತರುವ ನೆಪದಲ್ಲಿ ಒಳಗೆ ಓಡಿದಳು.

ಮರುದಿನ ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಅವನು ದಪ್ಪ ನೋಟ್‌ಬುಕ್ ಬಿಚ್ಚಿ ಕೂತಿದ್ದ.

"ಇದು ನಿಮಗೆ ಹೇಳ್ತಿಲ್ಲ," ಎಂದ. "ಮರಕ್ಕೆ ಹೇಳ್ತಿದ್ದೀನಿ. ಪಾಪ, ಒಂಟಿಯಾಗಿ ನಿಂತಿದೆ."

"ಮರಕ್ಕೆ ಕಿವಿ ಮಂದ. ಸ್ವಲ್ಪ ಜೋರಾಗಿ ಹೇಳಿ." ದಾಳಿಂಬೆ ಬಿಡಿಸುತ್ತಿದ್ದ ನಿಗಿನಾ ತಲೆ ಎತ್ತಲಿಲ್ಲ.

ಅವನು ಓದಿದ. ಮನೆ ಬಾಡಿಗೆ ಕೊಡುವವರಿಗೆ ಯಾವ ಊರಲ್ಲಿ ಯಾವ ನಿಯಮ ಎಂಬ ಪಟ್ಟಿ ಅದು. ತಾಷ್ಕೆಂಟಿನ ಫ್ಲ್ಯಾಟಿಗೆ ಮೇಲಿನವರ, ಕೆಳಗಿನವರ ಸಹಿ ಬೇಕು. ಸಮರ್ಕಂದದಲ್ಲಿ ಅತಿಥಿಗಳ ಗದ್ದಲಕ್ಕೆ ಗಂಟೆಯ ಮಿತಿ. ಖಿವಾದ ಕೋಟೆಯೊಳಗಾದರೆ ಗೋಡೆಗೊಂದು ಮೊಳೆ ಹೊಡೆಯಲೂ ಅಪ್ಪಣೆ ಬೇಕು. ಅವನು ಪ್ರತಿ ಸಾಲಿನ ಕೊನೆಗೂ ಉಸಿರು ನಿಲ್ಲಿಸುತ್ತಿದ್ದ, ಬೀಬಿ ಪದ್ಯಕ್ಕೆ ನಿಲ್ಲಿಸುವ ಹಾಗೆ. ನಿಗಿನಾಳ ಕೈಯಲ್ಲಿ ದಾಳಿಂಬೆ ಹಾಗೇ ನಿಂತಿತು.

"ಆರು ಊರು ಸುತ್ತಿದ್ದೀನಿ," ಎಂದ ಅವನು ಮರಕ್ಕೆ. "ಎಲ್ಲ ಊರೂ ಕೇಳ್ತಿರೋದು ಒಂದೇ. ಗೊತ್ತಿಲ್ದೋರನ್ನ ಮನೆಯೊಳಗೆ ಬಿಟ್ಕೊಳ್ಳೋದು ಹೇಗೆ? ಉತ್ತರ ಮಾತ್ರ ಒಂದೊಂದು ಊರಲ್ಲಿ ಒಂದೊಂದು."

ಕಂತೆಗಟ್ಟಲೆ ಅರ್ಜಿ ತುಂಬಿದ್ದ ನಿಗಿನಾಗೆ ಆ ಕಾಗದಗಳಲ್ಲಿ ಇಷ್ಟು ದೊಡ್ಡ ಪ್ರಶ್ನೆ ಅಡಗಿದೆಯೆಂದು ಹೊಳೆದೇ ಇರಲಿಲ್ಲ.

"ಮರ ಕೇಳ್ತಿದೆ, ಬುಖಾರಾದ ಉತ್ತರ ಏನಂತೆ?"

"ಆ ಪುಟ ಇನ್ನೂ ಖಾಲಿ." ಅವನು ಈ ಸಲ ಮರದತ್ತ ನೋಡಲಿಲ್ಲ. "ಬರಿಯೋಕೆ ಕೂತ್ರೆ ಪೆನ್ನು ಏಳ್ತಿಲ್ಲ. ಹೀಗೂ ಬಿಟ್ಕೊಳ್ತಾರೆ ಅಂತ ಯಾರಾದ್ರೂ ನಂಬ್ತಾರಾ?"

ಅವಳು ಕೆಳಗೆ ನೋಡಿದಳು. ಕೈಯೆಲ್ಲ ಕೆಂಪಾಗಿತ್ತು. ಕೆನ್ನೆಯೂ.

ಗುರುವಾರ ಬೆಳಿಗ್ಗೆ ಓಣಿಯ ಹಿರಿಯರಾದ ಹಯೋತ್-ಬೊಬೊ ಬಂದರು. ಪುಸ್ತಕ ತೆರೆದರು. ಖಾಲಿ. ಅಂಗಳದಲ್ಲಿ ಚಹಾ ಕುಡಿಯುತ್ತಿದ್ದವನನ್ನು ನೋಡಿದರು.

"ಇವನ್ಯಾರಮ್ಮಾ?"

"ಅತಿಥಿ, ಬೊಬೊ. ಸೋಮವಾರದಿಂದ ಇದಾರೆ."

"ಹೆಸರು?"

"ಗೊತ್ತಿಲ್ಲ."

"ಪರವಾನಗಿ ಅರ್ಜಿ ಇರೋದು ಗೊತ್ತಿದೆ ತಾನೆ?" ಎಂದು ಕೇಳಿದ ಮುದುಕರು ಪುಸ್ತಕವನ್ನು ಮೇಜಿನ ಮೇಲಿಟ್ಟು ಕೋಣೆ ನೋಡಲು ಒಳಗೆ ಹೋದರು.

ಆಗಷ್ಟೇ ಎಲ್ಲ ಅರ್ಥವಾಗಿ ಶೋನಜರ್‌ನ ಮುಖ ಬಿಳಿಚಿತು. ಓಡಿ ಬಂದ. "ಅಯ್ಯೋ, ಈ ಮನೆಗೂ ಅರ್ಜಿ ಇದೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ? ಸೋಮವಾರದ ದಿನಾಂಕ ಹಾಕಿ ಬೇಗ. ಶೋನಜರ್ ಅಂತ ಬರೀರಿ, ಊರು ಖಿವಾ."

ಶೋನಜರ್. ಅವಳು ಆ ಹೆಸರನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡಳು. ಮೂರು ದಿನದಿಂದ ಕಾದಿದ್ದ ಶಬ್ದ. ಅದರ ಪಕ್ಕ ಸುಳ್ಳೊಂದನ್ನು ಇಡಲು ಕೈ ಬರಲಿಲ್ಲ. ಬರೆದಳು: 'ಶೋನಜರ್, ಖಿವಾ. ಮೂರು ರಾತ್ರಿ ತಂಗಿದ್ದರು. ಹೆಸರು ತಿಳಿದದ್ದು ಇವತ್ತು, ಗುರುವಾರ.'

ಹಯೋತ್-ಬೊಬೊ ಬಹಳ ಹೊತ್ತಿನ ಮೇಲೆ ಹೊರಬಂದು ಓದಿದರು. ಮತ್ತೊಮ್ಮೆ ಓದಿದರು.

"ದಿನಾಂಕ ಹಿಂದಕ್ಕೆ ಹಾಕ್ಬಹುದಿತ್ತಲ್ಲ ಮಗಳೇ? ಎರಡು ಕೋಣೆ ನೋಡೋಕೆ ನಾನು ಇಷ್ಟು ಹೊತ್ತು ಯಾಕೆ ತಗೊಂಡೆ ಅಂದ್ಕೊಂಡೆ?"

ಮುದುಕರು ಗಡ್ಡ ನೀವಿಕೊಂಡರು. "ಹದಿನೇಳು ಮನೆ ನೋಡ್ದೆ. ಪುಸ್ತಕ ಎಲ್ಲಾ ಕಡೆ ಹೊಳೀತಾ ಇತ್ತು. ಒಂದನ್ನೂ ನಂಬೋಕಾಗ್ಲಿಲ್ಲ. ಇದನ್ನ ನಂಬ್ತೀನಿ." ಸಹಿ ಹಾಕಿದರು. ಅಷ್ಟೊತ್ತು ಕಂಬ ಹಿಡಿದು ನಿಂತಿದ್ದ ಬೀಬಿ ಎರಡೂ ಅಂಗೈ ಮೇಲೆತ್ತಿ, ಮುಖಕ್ಕೆ ಸವರಿಕೊಂಡಳು.

ಸಂಜೆ ಚಹಾ ಸುರಿಯುತ್ತ ಬೀಬಿ ಕೇಳಿದಳು, "ಮೂರು ದಿನ ಮುಗೀತು. ಹೇಳು ಮಗಾ, ಯಾವ ಕೆಲಸಕ್ಕೆ ಬಂದೆ?"

"ಬಂದಿದ್ದು ಪಕ್ಕದ ಮನೆಗೆ, ಬೀಬಿ."

ಬೀಬಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನು ನಗಲಿಲ್ಲ.

"ಈಗ ಬೇರೆ ಕೆಲಸ ಇದೆ. ಅದನ್ನ ನಾನು ಹೇಳೋ ಹಾಗಿಲ್ಲ. ನಮ್ಮಮ್ಮ ಬಂದು ಹೇಳ್ಬೇಕು."

ನಿಗಿನಾ ಹಿಡಿದಿದ್ದ ಬಟ್ಟಲನ್ನು ತಟ್ಟೆಯ ಮೇಲಿಟ್ಟಳು.

"ಇವಳು ಈ ಮನೆ ಬಿಟ್ಟು ಬರಲ್ಲ, ಮೊದಲೇ ಹೇಳಿರ್ತೀನಿ," ಎಂದಳು ಬೀಬಿ.

"ಬಿಡಿಸೋಕೆ ಯಾರು ಬಂದ್ರು ಬೀಬಿ? ನಾನೇ ಬರ್ತೀನಿ."

ಅವನು ಖಿವಾದ ರೈಲು ಹತ್ತಿ ಒಂಬತ್ತು ದಿನವಾಗಿತ್ತು. ಹತ್ತನೆಯ ಮುಂಜಾನೆ ಬೀದಿಬಾಗಿಲ ಆಚೆ ಪೊರಕೆಯ ಸದ್ದು ಕೇಳಿಸಿತು. ಹೆಣ್ಣು ಕೇಳಲು ಬಂದವರು ಮೊದಲು ಆ ಮನೆಯ ಹೊಸ್ತಿಲು ಗುಡಿಸುವುದು ಹಿಂದಿನಿಂದ ಬಂದ ಪದ್ಧತಿ. ನಿಗಿನಾ ಬರಿಗಾಲಲ್ಲಿ ಬಂದು ಬಾಗಿಲಿನ ಹಿಂದೆ ನಿಂತಳು. ಹೊಸ್ತಿಲಲ್ಲಿ ಕಸವೇ ಇರಲಿಲ್ಲ. ಹಿಂದಿನ ಸಂಜೆ ಅವಳೇ ಗುಡಿಸಿದ್ದಳು. ಆದರೂ ಮುಖ ಕಾಣದ ಆ ತಾಯಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಅವಸರವಿಲ್ಲದೆ, ನಮಾಜಿನಷ್ಟು ನಿಧಾನವಾಗಿ ಗುಡಿಸುತ್ತಿದ್ದಳು.

"ಒಳಗೆ ಕರೀಲೇನೇ?" ಬೀಬಿ ಪಿಸುಗುಟ್ಟಿದಳು.

ನಿಗಿನಾ ಹಣೆಯನ್ನು ಬಾಗಿಲಿನ ಮರಕ್ಕೆ ಒತ್ತಿ ಕಣ್ಣು ಮುಚ್ಚಿದಳು.

"ಇನ್ನೊಂಚೂರು ಗುಡಿಸ್ಲಿ ಬೀಬಿ. ಕೇಳಿಸ್ಕೊಳ್ತೀನಿ."