ಖಾಲಿ ಕ್ಯಾಸೆಟ್ಟಿನ ಹದಿಮೂರನೇ ನಿಮಿಷ

ಕ್ಯಾಸೆಟ್ಟಿನಲ್ಲಿ ಹಾಡಿರಲಿಲ್ಲ. ಬರೀ ಸುಯ್ ಎನ್ನುವ ಸದ್ದು.

ಗಾಯಕ ಓಂಕಾರಮೂರ್ತಿ ಸತ್ತು ಅಂದಿಗೆ ಒಂದು ವರ್ಷ. ರಾಕ್ ಸಂಗೀತ ಎಂದರೆ ನಗುತ್ತಿದ್ದ ಸೀಮೆಯಲ್ಲಿ ಅಜ್ಜಂಪುರದ ಮಾತನ್ನೇ ರಾಕ್ ಮಾಡಿ, ಕಡೂರಿನ ಬಸ್‌ಸ್ಟ್ಯಾಂಡಿನಲ್ಲೂ ಜನ ಗುನುಗುವಂತೆ ಮಾಡಿದವನು. ಕಾಯಿಲೆಯಲ್ಲಿ ಅಡುಗೆಮನೆಯಲ್ಲೇ ಕೂತು ಟೇಪ್ ರೆಕಾರ್ಡರಿಗೆ ಹಾಡಿದ ಕೊನೆಯ ಹಾಡಿಗೆ ಇದ್ದದ್ದು ಅದೊಂದೇ ಪ್ರತಿ. ಕೇಳಲು ಬಂದವರು ಅಂಗಳ ತುಂಬಿದ್ದರು. ಹಾಡನ್ನು ಯಾರೋ ಅಳಿಸಿಬಿಟ್ಟಿದ್ದರು.

ತಂಗಿ ಅಮೂಲ್ಯಾ ತರೀಕೆರೆಯ ನಿವೃತ್ತ ಪೊಲೀಸ್ ದಫೇದಾರ್ ತೀರ್ಥಪ್ಪನವರಿಗೆ ಫೋನ್ ಮಾಡಿದಳು. ಕಾರು ಓಡಿಸಿದ್ದು ನಾನು, ಗುರುಮೂರ್ತಿ. ಕೆಲಸ ಬಿಟ್ಟು ಆರು ವರ್ಷವಾದರೂ ನಮ್ಮ ದಫೇದಾರರ ಮೂಗಿಗೆ ಇನ್ನೂ ನಿವೃತ್ತಿಯಾಗಿಲ್ಲ.

"ಕೊನೇಗೆ ಕೇಳಿದ್ದು ಯಾವಾಗಮ್ಮ?"

"ಭಾನುವಾರ. ಸರಿಯಾಗೇ ಇತ್ತು."

"ಆಮೇಲೆ ಕ್ಯಾಸೆಟ್ ಇದ್ದ ಓಂಕಾರನ ರೂಮಿಗೆ ಯಾರ್ ಹೋದ್ರು?"

"ಅವ್ವನ್ನ ಬಿಟ್ರೆ ಪ್ರಸನ್ನಣ್ಣ ಒಬ್ನೇ. ಅರ್ಧ ಗಂಟೆ ಒಳಗಿದ್ದ."

ಪ್ರಸನ್ನಕುಮಾರ್ ಓಂಕಾರನ ಜೊತೆ ಹದಿನೆಂಟು ವರ್ಷ ಗಿಟಾರ್ ನುಡಿಸಿ, ಕೊನೆಗೆ ಜಗಳವಾಡಿ ಹೊರಬಿದ್ದವನು.

"ಅರ್ಧ ಗಂಟೆ ರೂಮಲ್ಲಿ ಏನ್ ಮಾಡ್ತಿದ್ದೆ?" ತೀರ್ಥಪ್ಪ ಅಂಗಳದಲ್ಲಿದ್ದ ಅವನನ್ನು ಕೇಳಿದರು.

"ಕ್ಷಮಿಸು ಅಂತ ಕೇಳ್ತಿದ್ದೆ ಸಾರ್."

"ಅರ್ಧ ಗಂಟೆ?"

"ಅಷ್ಟೂ ಸಾಲ್ಲಿಲ್ಲ."

ಗುಂಪು ನಂಬಲಿಲ್ಲ. ಯಾರೋ ಅವನ ಕಾಲರಿಗೆ ಕೈ ಹಾಕಿದರು.

ತಾಯಿ ಕಲ್ಲಮ್ಮನವರಿಗೆ ಕಿವಿ ಪೂರಾ ಹೋಗಿ ಮೂರು ವರ್ಷ. ಮಗಳು ಸುದ್ದಿಯನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದ್ದಳು. ಅವರು ತೀರ್ಥಪ್ಪನವರ ಕೈ ಹಿಡಿದು ಬಿಡಲೇ ಇಲ್ಲ.

"ನನ್ ಮಗನ್ನ ಎರಡನೇ ಸಲ ಕೊಂದ್ರಲ್ಲಪ್ಪಾ. ಯಾರು ಅಂತ ಹೇಳ್ಬಿಡು. ಹೆಸ್ರು ಸಿಗ್ದೆ ನಾನು ಸಾಯಕ್ಕೂ ಆಗಲ್ಲ."

ಆ ಮುಖ ನೋಡಲಾಗದೆ ನಾನು ಗೋಡೆ ನೋಡಿದೆ.

"ಕ್ಯಾಸೆಟ್ ಪೂರ್ತಿ ಕೇಳಿದ್ರಾ?" ತೀರ್ಥಪ್ಪ ಕೇಳಿದರು.

"ಎರಡು ನಿಮಿಷಕ್ಕೇ ಗೊತ್ತಾಯ್ತಲ್ಲ ಸಾರ್—ಖಾಲಿ," ಎಂದಳು ಅಮೂಲ್ಯಾ.

"ಖಾಲಿ ಅನ್ನೋಕೂ ಕೊನೇವರೆಗೆ ಕೇಳ್ಬೇಕಮ್ಮ."

ಬಾಗಿಲು ಹಾಕಿ ಐದೂ ಜನ ಕೂತೆವು. ಹನ್ನೆರಡು ನಿಮಿಷ ಬರೀ ಸುಯ್. ಹದಿಮೂರನೆಯದರಲ್ಲಿ—ತಪ್, ತಪ್, ತಪ್. ರೊಟ್ಟಿ ತಟ್ಟುವ ಸದ್ದು. ಹಿಂದೆಯೇ ಕಲ್ಲಮ್ಮನವರ ದನಿ: "ಬಿಸಿ ಐತೆ ಕಣೋ. ಮೊದ್ಲು ತಿನ್ನು, ಆಮೇಲ್ ಹಾಡೀವಂತೆ."

ಅಮೂಲ್ಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಕಲ್ಲಮ್ಮ ಮಾತ್ರ ನಮ್ಮ ಮುಖಗಳನ್ನೇ ನೋಡುತ್ತಿದ್ದರು.

"ಕಿವಿ ಕೇಳದೋರು ಟೇಪ್ ಹಾಕ್ತಾರೆ ಅಂತ ಯಾರೂ ಎಣಿಸ್ಲಿಲ್ಲ," ಎಂದರು ತೀರ್ಥಪ್ಪ. "ಮಗ ಒಲೆ ಪಕ್ಕ ಕೂತು ಹಾಡೋನು, ಇವ್ರು ರೊಟ್ಟಿ ತಟ್ಟೋರು. ಈಗ ಟೇಪ್ ರೆಕಾರ್ಡರ್ ಪಕ್ಕದಲ್ಲಿಟ್ಕೊಂಡು ತಟ್ಟಿದಾರೆ. ಚಕ್ರ ತಿರುಗಿದ್ರೆ ಹಾಡ್ತಾ ಇದಾನೆ ಅಂತ. ಆದ್ರೆ ಒತ್ತುವಾಗ ಕೆಂಪು ಗುಂಡೀನೂ ಸೇರಿಸಿ ಒತ್ತಿದಾರೆ. ಅದು ಹಳೇದನ್ನ ಅಳಿಸಿ ಹೊಸದು ತುಂಬ್ಕೊಳ್ತದೆ. ಅಳಿಸಿದ್ದು ಅವ್ವನೇ."

"ಸಿಕ್ತೇನಪ್ಪಾ? ಯಾರು?" ಎಂದರು ಕಲ್ಲಮ್ಮ.

ಅಮೂಲ್ಯಾ ಬಳಪ ಹಿಡಿದಳು. ಸ್ಲೇಟಿಗೆ ಮುಟ್ಟಿಸಿದವಳು ಬರೆಯದೆ ಕೆಳಗಿಟ್ಟಳು.

ಪ್ರಸನ್ನ ಎದ್ದು ಸ್ಲೇಟು ಕಸಿದುಕೊಂಡ. "ನಾನು" ಎಂದು ಬರೆದು ಅವರ ಮುಂದೆ ಹಿಡಿದ.

ಕಲ್ಲಮ್ಮ ಓದಿದರು. ಎದ್ದು ಬಂದು ಅವನ ಕೆನ್ನೆಗೆ ಹೊಡೆದರು—ಕೈ ಸೋಲುವವರೆಗೂ. ಅವನು ಕದಲಲಿಲ್ಲ. ತಡೆಯಲು ಎದ್ದ ನನ್ನನ್ನು ತೀರ್ಥಪ್ಪ ಹಿಡಿದು ಕೂರಿಸಿದರು.