ದೇವರ ಹೆಸರಿನ ಹಲಗೆ

ಕೊಟ್ಟೂರಿನ ಹೊಸ ಬಟ್ಟೆ ಅಂಗಡಿಯ ಮುಂದೆ ಅಲ್ಲಿಯ ಕೂಲಿಯಾಳು ಮಂಜಣ್ಣ ಸತ್ತುಬಿದ್ದಿದ್ದ. ಹೊರಗೋಡೆಗೆ ಐದು ಕಬ್ಬಿಣದ ಹಲಗೆಗಳ ದೊಡ್ಡ ಬೋರ್ಡು ಕೂರಿಸುತ್ತಿದ್ದರು. ದೇವರ ಹೆಸರಿದ್ದ ಮೊದಲ ಹಲಗೆ ಕಳಚಿ, ಕೆಳಗೆ ಗೋಡೆ ಒರೆಸುತ್ತಿದ್ದ ಅವನ ತಲೆಯ ಮೇಲೆ ಬಿದ್ದಿತ್ತು. ಬೋರ್ಡಿನ ಕೆಲಸ ಹಿಡಿದ ಎರ್ರೆಪ್ಪ ಗಿಡ್ಡ ಬೋಲ್ಟು ಹಾಕಿ ಮೋಸ ಮಾಡಿದ್ದಾನೆಂದು ಮಾಲೀಕ ಪ್ರವೀಣಕುಮಾರ್ ಆಗಲೇ ತೀರ್ಪು ಕೊಟ್ಟಾಗಿತ್ತು. ಪೊಲೀಸರು ಕೈಕೋಳ ಹಾಕಿಯೂ ಆಗಿತ್ತು.

"ನಾ ಹಾಕಿದ್ದು ಗೇಣುದ್ದದ ಬೋಲ್ಟುರಿ," ಎಂದು ಎರ್ರೆಪ್ಪ ಪತ್ತೇದಾರ ಗುರುಸಂಗಪ್ಪನವರ ಕಾಲಿಗೆ ಬಿದ್ದ. "ನಿನ್ನೆ ಈ ಹಲಗಿ ಕೂರ್ಸಿ ಪೂಜಿ ಮುಗಿದ ಕೂಡ್ಲೆ ಏಣಿ ಹೇರ್ಕೊಂಡು ಹರಪನಹಳ್ಳಿಗೆ ಹೋಗಿದ್ದೆ, ಉಳಿದ ಹಲಗಿ ತರಾಕ. ಒಳಗ ಹೋಗಿ ಬಂದ್ರ ನನಗ ಯಾರೂ ಕೆಲ್ಸ ಕೊಡಂಗಿಲ್ರಿ."

ಗುರುಸಂಗಪ್ಪನವರ ಜೊತೆಗಾರ ಶಿವಯೋಗಿ ಎರ್ರೆಪ್ಪನನ್ನು ಹಿಡಿದೆತ್ತಿದ. ಬಡವನ ಮೇಲೆ ಗೂಬೆ ಕೂರಿಸಲು ಈ ಊರಿಗೆ ಎಷ್ಟು ಹೊತ್ತು ಬೇಕು? ಗುರುಸಂಗಪ್ಪನವರು ಮಾತ್ರ ತಣ್ಣಗೆ ಬಿದ್ದ ಬೋಲ್ಟುಗಳನ್ನು ಹೊರಳಿಸಿ ನೋಡಿದರು. ಹೊಚ್ಚ ಹೊಸವು, ಒಂದಿಷ್ಟೂ ಕಲೆಯಿಲ್ಲ. ಗೋಡೆಯಲ್ಲಿ, ಕಿತ್ತುಬಂದ ತೂತುಗಳ ಗೇಣು ಕೆಳಗೆ ಹಸಿ ಸಿಮೆಂಟು ಮೆತ್ತಿತ್ತು. ಬೋರ್ಡಿನ ಮೇಲುಗಡೆಯ ಮಾಳಿಗೆಯ ಬಾಗಿಲಿಗೆ ಬೀಗ ಹಾಕಿತ್ತು.

"ಕೀಲಿ ಯಾರತ್ರ ಐತಿ?"

"ನನ್ನತ್ರನ ಐತ್ರಿ, ಮತ್ಯಾರಿಗೂ ಕೊಡಂಗಿಲ್ಲ," ಎಂದ ಪ್ರವೀಣಕುಮಾರ್.

ಸಂಜೆ ಎಲ್ಲರನ್ನೂ ಅಂಗಡಿಯಲ್ಲಿ ಸೇರಿಸಿದರು. ಮಂಜಣ್ಣನ ಹೆಂಡತಿ ಮಾರೆಮ್ಮ ಒಳಗೆ ಬರಲೊಲ್ಲದೆ ಹೊಸ್ತಿಲಲ್ಲೇ ನಿಂತಳು.

"ಪೂಜ್ಯಾಗ ಬೋಲ್ಟಿಗೂ ಕುಂಕುಮ ಹಚ್ಚಿದ್ರಿ," ಎಂದು ಗುರುಸಂಗಪ್ಪನವರು ಶುರುಮಾಡಿದರು. "ಹಲಗಿ ಮ್ಯಾಲೆ ಕುಂಕುಮ ಐತಿ, ಈ ಗಿಡ್ಡ ಬೋಲ್ಟಿಗೆ ಇಲ್ಲ. ಅಂದ್ರ ಇವು ಪೂಜಿ ಆದಮ್ಯಾಲೆ ಹಾಕಿದ್ವು. ಸಿಮೆಂಟು ಕೆರೆದು ನೋಡಿದೆ. ಎರ್ರೆಪ್ಪನ ಉದ್ದ ಬೋಲ್ಟು ಗೋಡ್ಯಾಗನ ಅದಾವು, ತುದಿ ಕೊಯ್ದಾರ. ಏಣಿ ಇರ್ಲಿಲ್ಲ, ಮಾಳಿಗಿಯಿಂದ ಅಷ್ಟ ಕೈ ನಿಲುಕತೈತಿ. ಕೀಲಿ ನಿಮ್ದು. ಹಲಗಿ ಬಿಚ್ಚಿ ಗೇಣು ಮ್ಯಾಲೆ ಯಾಕ ಏರಿಸಿದ್ರಿ?"

ಪ್ರವೀಣಕುಮಾರನ ಮುಖ ಬಿಳಿಚಿತು. "ಮಾಳಿಗ್ಯಾಗ ಚಪ್ಲಿ ಹಾಕ್ಕೊಂಡು ನಿಂತ್ರ ದೇವ್ರ ಹೆಸರು ಕಾಲ ಕೆಳಗ ಬರ್ತಿತ್ರಿ. ಅಳಿಯನ್ನ ಕರ್ಕೊಂಡು, ಕೈಗೆ ಸಿಕ್ಕ ಬೋಲ್ಟು ಹಾಕಿ ನಾನ ಏರಿಸಿದೆ. ಪೂಜಿ ಆದ ಹಲಗಿ ಇಳಿಸಿದ್ದು ಗೊತ್ತಾದ್ರ ಅಪಶಕುನ ಅಂತ ಜನ ಆಡ್ಕೊಂತಾರ. ಅದಕ್ಕ ಎರ್ರೆಪ್ಪಗೂ ಹೇಳ್ಲಿಲ್ಲ."

ಎಂಥ ಭಕ್ತಿ! ಒಬ್ಬನನ್ನು ಕೊಂದು, ಇನ್ನೊಬ್ಬನನ್ನು ಜೈಲಿಗೆ ಕಳಿಸಲು ಹೊರಟಿದ್ದ ಭಕ್ತಿ. ಶಿವಯೋಗಿಗೆ ಉಗುಳುವಷ್ಟು ಸಿಟ್ಟು ಬಂತು. ಪೊಲೀಸರು ಎರ್ರೆಪ್ಪನ ಕೋಳ ಬಿಚ್ಚಿದರು. ಅವನು ಕೈ ಉಜ್ಜಿಕೊಳ್ಳಲೂ ಇಲ್ಲ, ಮಾರೆಮ್ಮನನ್ನೇ ನೋಡುತ್ತ ಅತ್ತ.

ಮಾರೆಮ್ಮ ಅಳಲಿಲ್ಲ. "ದೇವ್ರ ಹೆಸರಿಗೆ ಅಷ್ಟು ಹೆದರಿದ್ರೆಲ್ರೀ ಸಾವ್ಕಾರ್ರ," ಎಂದಳು. "ನಿಮ್ ಹಲಗಿ ಕೆಳಗ ಸತ್ತವ್ನ ಹೆಸರು ಹೇಳ್ರಿ."

ಪ್ರವೀಣಕುಮಾರ್ ಎರ್ರೆಪ್ಪನ ಮುಖ ನೋಡಿದ. ಸಾವ್ಕಾರನಿಗೆ ಆ ಹೆಸರು ಗೊತ್ತಿರಲಿಲ್ಲ.