ಆ ಸಂಜೆಯ ಉದಾಹರಣೆ ವಾಕ್ಯ

“ಅಳಿಸಿ ಅದನ್ನ! ನನ್ನ ಕಣ್ಣೆದುರಿಗೇ ಅಳಿಸಿ!”

ಉಳಿದವರೆಲ್ಲ ಎದ್ದುಹೋಗುವವರೆಗೆ ಹಲ್ಲುಕಚ್ಚಿ ಕೂತಿದ್ದ ಬೇಕರಿಯವಳು ಇಂಗ್ಲಿಷ್ ಮೇಷ್ಟ್ರ ಮೇಲೆ ಎಗರಿಬಿದ್ದಳು. ಮೇಷ್ಟ್ರು ಗಡಬಡಿಸಿ ಬೋರ್ಡು ಒರೆಸಿದರು.

ದಿನಕ್ಕೊಂದು ಪದ, ಅದರ ಅರ್ಥ, ಹುಟ್ಟಿದ ಬಗೆ, ಕೊನೆಗೊಂದು ಉದಾಹರಣೆ. ಸಂಜೆ ಕ್ಲಾಸಿನಲ್ಲಿ ಇದು ಅವರ ಕ್ರಮ. ಇವತ್ತಿನ ಪದ ‘ಕಂಪ್ಯಾನಿಯನ್’, ಅಂದರೆ ಸಂಗಾತಿ. ಉದಾಹರಣೆಗೆ ಅವರು ಇಂಗ್ಲಿಷಿನಲ್ಲಿ ಬರೆದದ್ದು: ಗಂಡ ಬಿಟ್ಟುಹೋದ ಬೇಕರಿ ಹೆಂಗಸಿಗೆ ಒಬ್ಬ ಕಂಪ್ಯಾನಿಯನ್ ಬೇಕು. ಇಡೀ ಕ್ಲಾಸು ಅವಳತ್ತ ತಿರುಗಿ ಕಿಸಕ್ಕನೆ ನಕ್ಕಿತ್ತು.

“ಯಾರಿಗೂ ಹೇಳದ್ದನ್ನ ನಿಮಗೆ ಹೇಳಿದ್ದೆ. ಬೋರ್ಡಿಗೆ ಹಾಕಿ ಅಂದಿದ್ನಾ?”

“ಹೆಸರು ಬರೆದಿಲ್ಲವಲ್ಲ...”

“ಆಹಾ! ಈ ಕ್ಲಾಸಲ್ಲಿ ಬೇಕರಿಯವಳು ಇನ್ಯಾರಿದಾರೆ? ಹಿಂದಿನ ಬೆಂಚಿನ ಆ ಟೈಲರ್ ಆಗಲೇ ಕೇಳಿದ, ‘ಅಕ್ಕಾ, ಅರ್ಜಿ ಹಾಕ್ಬಹುದಾ’ ಅಂತ!”

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ದಿನವೂ ಕ್ಲಾಸು ಮುಗಿದ ಮೇಲೆ ಅವಳು ತಂದ ಬ್ರೆಡ್ಡನ್ನು ಇಬ್ಬರೂ ಇದೇ ಬೆಂಚಿನ ಮೇಲೆ ಮುರಿದು ತಿನ್ನುತ್ತಿದ್ದರು. ದೊಡ್ಡ ತುಂಡನ್ನು ಅವರತ್ತ ಸರಿಸಿ, ಓರೆಗಣ್ಣಿನಲ್ಲಿ ನೋಡಿ, “ತಿನ್ನಿ ಮೇಷ್ಟ್ರೇ, ಬರೀ ಪದ ತಿಂದ್ರೆ ಹೊಟ್ಟೆ ತುಂಬಲ್ಲ” ಎನ್ನುತ್ತಿದ್ದಳು. ಅವಳ ರೆಪ್ಪೆಯ ಮೇಲೆ ಹಿಟ್ಟಿನ ಪುಡಿ ಕೂತಿರುತ್ತಿತ್ತು. ಅದನ್ನು ನೋಡುತ್ತ ಬಾಯಿಗೆ ಬಾರದ ಮಾತನ್ನು ಬೋರ್ಡಿನ ಮೇಲಾದರೂ ಹೇಳೋಣ ಎಂದುಕೊಂಡಿದ್ದರು, ಮಹಾನುಭಾವರು!

“ಆ ವಾಕ್ಯದಲ್ಲಿ ‘ಒಬ್ಬ’ ಅಂದ್ರೆ... ನಾನು,” ಎಂದರು ನೆಲ ನೋಡುತ್ತ.

ಅವಳ ಸಿಟ್ಟು ಇಳಿದು ಕಣ್ಣು ತುಂಬಿಬಂತು.

“ಹಾಗಾದ್ರೆ ನನ್ನ ಮುಖ ನೋಡಿ ಹೇಳಿ. ಇಂಗ್ಲಿಷ್ ಬೇಡ. ನಾನು ನಿಮಗೆ ಯಾರು?”

ಮೇಷ್ಟ್ರು ತಲೆಯೆತ್ತಿದರು. ಎದೆಯಲ್ಲಿದ್ದ ಮಾತು ಅಲ್ಲೇ ಕಚ್ಚಿಕೊಂಡಿತು. ಬಾಯಿಗೆ ಬಂದದ್ದು ಪಾಠ.

“ಅದು... ಆ ಪದದ ಮೂಲ ಲ್ಯಾಟಿನ್. ಕೊಮ್ ಅಂದ್ರೆ ಜೊತೆಗೆ. ಪಾನಿಸ್ ಅಂದ್ರೆ ಬ್ರೆಡ್ಡು. ಜೊತೆಗೆ ಕೂತು ಬ್ರೆಡ್ ತಿನ್ನೋರು ಅಂತ...”

“ನಾನು ಪದದ ಮೂಲ ಕೇಳಲಿಲ್ಲ ಮೇಷ್ಟ್ರೇ.”

ಚೀಲವನ್ನು ಹೆಗಲಿಗೇರಿಸಿ ಹೊರಟಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಒಂದು ಕ್ಷಣ ನಿಂತಂತಾಯಿತು. ಕೂಗಿದರೆ ಕೇಳಿಸುವಷ್ಟೇ ದೂರ. ಮೇಷ್ಟ್ರು ಒರೆಸಿದ ಬೋರ್ಡನ್ನೇ ಮತ್ತೆ ಒರೆಸಿದರು. ಹೆಜ್ಜೆಗಳು ಕೆಳಗಿಳಿದವು.

ಮರುದಿನ ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ.